ಬಾಕ್ಸ್ ಮುಂದೆ ಗೋಡೆ ಕಟ್ಟಿದಾಗ: ಫುಟ್‌ಬಾಲ್ ಮ್ಯಾನೇಜರ್ 2024 ಎರಡು ವರ್ಷ ಆಡಿದ ಮೇಲೆ

ಫುಟ್‌ಬಾಲ್ ತಂಡವೊಂದನ್ನು ಮ್ಯಾನೇಜರ್ ಆಗಿ ನಡೆಸುವ ಕಂಪ್ಯೂಟರ್ ಆಟ ಇದು. ನನ್ನ ಎರಡನೇ ಸೀಸನ್‌ನ ಹನ್ನೊಂದನೇ ಪಂದ್ಯ. ನಮ್ಮದೇ ಮೈದಾನ, ಎದುರಿಗೆ ಲೀಗ್‌ನ ಕಟ್ಟಕಡೆಯ ತಂಡ. 70 ನಿಮಿಷ ಮುಗಿದಿತ್ತು. ಮೂರರಲ್ಲಿ ಎರಡು ಪಾಲು ಹೊತ್ತು ಚೆಂಡು ನಮ್ಮ ಹತ್ತಿರವೇ ಇತ್ತು. ಸ್ಕೋರ್ ಮಾತ್ರ 0-0. ತಡೆಯಲಾರದೆ ಮೆಂಟಾಲಿಟಿಯನ್ನು, ಅಂದರೆ ತಂಡ ಎಷ್ಟು ಮುನ್ನುಗ್ಗಬೇಕು ಅನ್ನುವ ಸೆಟ್ಟಿಂಗನ್ನು, ‘ವೆರಿ ಅಟ್ಯಾಕಿಂಗ್’ಗೆ ಏರಿಸಿದೆ. 84ನೇ ನಿಮಿಷಕ್ಕೆ ಅವರ ಡಿಫೆಂಡರ್ ಒಬ್ಬ ಚೆಂಡನ್ನು ಸುಮ್ನೆ ದೂರಕ್ಕೆ ಒದ್ದ. ನಮ್ಮ ಸೆಂಟರ್ ಬ್ಯಾಕ್‌ಗಳ ಹಿಂದೆ ಅರ್ಧ ಮೈದಾನ ಖಾಲಿ. ಅವರ ಸ್ಟ್ರೈಕರ್ ಒಬ್ಬನೇ ಓಡಿದ. 0-1ರಲ್ಲಿ ಸೋತೆವು.

ಫುಟ್‌ಬಾಲ್ ಮ್ಯಾನೇಜರ್ 2024 ಮೇಲೆ ನನಗೆ ಗೌರವ ಹುಟ್ಟಿದ್ದು ಆ ರಾತ್ರಿಯೇ. ಆ ಪಂದ್ಯವನ್ನು ಮತ್ತೆ ಹಾಕಿ ನೋಡಿದಾಗ ತಪ್ಪೆಲ್ಲ ನನ್ನ ಟ್ಯಾಕ್ಟಿಕ್‌ನಲ್ಲೇ ಇತ್ತು. ಅದನ್ನು ಕಣ್ಣಿಂದ ನೋಡಿ ಹಿಡಿಯುವ ಹಾಗೂ ಇತ್ತು.

ಈ ಆಟ 2023ರ ನವೆಂಬರ್ 6ರಂದು ಬಂತು. ಮುಂದಿನ ವರ್ಷದ ಆವೃತ್ತಿ ರದ್ದಾದ್ದರಿಂದ ಎರಡು ವರ್ಷ ಇದನ್ನೇ ಆಡಿದೆ. ಟ್ರಾನ್ಸ್‌ಫರ್, ಸ್ಕೌಟಿಂಗ್ ಎಲ್ಲ ಚೆನ್ನಾಗಿದೆ, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಬೇಕಾದದ್ದು ಒಂದೇ ವಿಷಯ. ಎದುರಾಳಿಯ ಹತ್ತು ಜನ ತಮ್ಮ ಪೆನಾಲ್ಟಿ ಬಾಕ್ಸ್ ಮುಂದೆ ಗೋಡೆ ಕಟ್ಟಿ ನಿಂತಾಗ ಈ ಆಟ ಹೇಗೆ ನಡೆದುಕೊಳ್ಳುತ್ತದೆ ಅನ್ನೋದು. ಮ್ಯಾನೇಜರ್ ಆಟಗಳಿಗೆ ಇದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ ಅಂತ ನನ್ನ ನಂಬಿಕೆ.

ಮೊದಲ ಸೀಸನ್ ಸಲೀಸಾಗಿ ಹೋಗಿತ್ತು. ನಮ್ಮದು ಚಿಕ್ಕ ತಂಡ ಅಂತ ಎಲ್ಲರೂ ಮೈಮೇಲೆ ಬರುತ್ತಿದ್ದರು. ಅವರ ಬೆನ್ನ ಹಿಂದೆ ಜಾಗ ಸಿಗುತ್ತಿತ್ತು, ಚೆಂಡು ಕಿತ್ತುಕೊಂಡ ಕೂಡಲೇ ಮುನ್ನುಗ್ಗುವ ಕೌಂಟರ್‌ನಲ್ಲಿ ಹೊಡೆದು ಮೂರನೇ ಸ್ಥಾನಕ್ಕೆ ಬಂದೆವು. ಮುಂದಿನ ವರ್ಷ ತಂಡದ ಹೆಸರು ಬೆಳೆದಿತ್ತು. ಈಗ ನಮ್ಮ ಮೈದಾನಕ್ಕೆ ಬಂದವರೆಲ್ಲ 5-4-1 (ಹಿಂದೆ ಐವರು, ನಡುವೆ ನಾಲ್ವರು, ಮುಂದೆ ಒಬ್ಬ) ಹಾಕಿ ಹಿಂದೆ ಕೂರತೊಡಗಿದರು. ‘ಕಂಪ್ಯೂಟರ್ ಮೋಸ ಮಾಡುತ್ತೆ’ ಅಂತ ಬಹಳ ಜನ ಆಟ ಬಿಡುವುದು ಇಲ್ಲೇ. ಬಲವಾದ ತಂಡದ ಎದುರು ಚಿಕ್ಕ ತಂಡ ಹುಷಾರಾಗಿ ಆಡುವುದು ನಿಜವಾದ ಫುಟ್‌ಬಾಲ್‌ನಲ್ಲೂ ಇದ್ದದ್ದೇ ಅಲ್ವಾ?

ಸೋತ ಪಂದ್ಯವನ್ನು ಹೈಲೈಟ್ಸ್ ಬಿಟ್ಟು ಪೂರ್ತಿ ನೋಡಿದೆ, ಅದೂ 2ಡಿ ನೋಟದಲ್ಲಿ. 3ಡಿ ನೋಡಲು ಚೆಂದ. ಆದರೆ ಜಾಗ ಎಲ್ಲಿದೆ ಅಂತ ತಿಳಿಯಬೇಕಾದರೆ ಮೇಲಿನಿಂದ ಕಾಣುವ ಚುಕ್ಕೆಗಳೇ ವಾಸಿ. ಎಡಗಡೆ ನಮ್ಮ ವಿಂಗರ್ ಗೆರೆಗೆ ಅಂಟಿಕೊಂಡು ನಿಂತಿದ್ದ. ಫುಲ್ ಬ್ಯಾಕ್ ಹಿಂದಿನಿಂದ ಓಡಿ ಬಂದು ಅದೇ ಜಾಗದಲ್ಲಿ ನಿಲ್ಲುತ್ತಿದ್ದ. ಎರಡು ಚುಕ್ಕೆ ಒಂದರ ಮೇಲೊಂದು. ಅವರ ಒಬ್ಬನೇ ವಿಂಗ್ ಬ್ಯಾಕ್ ನಮ್ಮ ಇಬ್ಬರನ್ನೂ ನೋಡಿಕೊಳ್ಳುತ್ತಿದ್ದ. ನಡುವೆ ನಮ್ಮ ಸ್ಟ್ರೈಕರ್ ಮೂವರು ಡಿಫೆಂಡರ್‌ಗಳ ಮಧ್ಯೆ ಸಿಕ್ಕಿಕೊಂಡಿದ್ದ. ಸದಾ ಮುಂದೆಯೇ ಇರು ಅನ್ನುವ ಅಟ್ಯಾಕ್ ಡ್ಯೂಟಿ ಕೊಟ್ಟಿದ್ದೆ, ಹಾಗಾಗಿ ಕೆಳಗೆ ಇಳಿದು ಬರುತ್ತಲೇ ಇರಲಿಲ್ಲ. ಪಾಸ್ ಕೊಡಲು ಯಾರೂ ಸಿಗದೆ ಮಿಡ್‌ಫೀಲ್ಡರ್‌ಗಳು 25 ಗಜದಿಂದ ಹೊಡೆಯುತ್ತಿದ್ದರು. ಚೆಂಡು ಯಾರದೋ ಕಾಲಿಗೆ ಬಡಿದು ವಾಪಸ್. ಒಟ್ಟು 21 ಶಾಟ್, ಎಕ್ಸ್‌ಜಿ (ಸಿಕ್ಕ ಅವಕಾಶಗಳಿಂದ ಎಷ್ಟು ಗೋಲ್ ಆಗಬಹುದಿತ್ತು ಅನ್ನುವ ಅಂದಾಜು) 0.8. ಒಂದು ಪೆನಾಲ್ಟಿಗೇ ಮುಕ್ಕಾಲಿನಷ್ಟು ಎಕ್ಸ್‌ಜಿ ಸಿಗುತ್ತದೆ. ಅಂದರೆ 90 ನಿಮಿಷ ಬೆವರು ಸುರಿಸಿ ಹೆಚ್ಚುಕಡಿಮೆ ಒಂದು ಪೆನಾಲ್ಟಿಯಷ್ಟು ಅವಕಾಶ ಮಾಡಿಕೊಂಡಿದ್ದೆವು.

ಮೆಂಟಾಲಿಟಿ ಏರಿಸಿದರೆ ಗೋಲ್ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅದನ್ನು ಏರಿಸಿದರೆ ಟೆಂಪೋ ಜಾಸ್ತಿ ಆಗುತ್ತದೆ, ಪಾಸ್‌ಗಳು ನೇರವಾಗುತ್ತವೆ, ಡಿಫೆನ್ಸ್ ಲೈನ್ ಮುಂದೆ ಹೋಗುತ್ತದೆ, ಎಲ್ಲರೂ ಬೇಗ ಬಾಕ್ಸ್ ಕಡೆ ನುಗ್ಗುತ್ತಾರೆ. ಅವರ ಹತ್ತು ಜನ ನಿಂತ ಜಾಗಕ್ಕೆ ನಮ್ಮ ಎಂಟು ಜನರನ್ನೂ ತುಂಬಿದರೆ ಕಾಲಿಡಲು ಜಾಗ ಎಲ್ಲಿ?

ಮುಂದಿನ ವಾರ ಇಂಥದ್ದೇ ಇನ್ನೊಂದು ತಂಡ ಬಂತು. ಧೈರ್ಯ ಮಾಡಿ ‘ಬ್ಯಾಲೆನ್ಸ್ಡ್’ಗೆ ಇಳಿಸಿದೆ. ಸ್ಟ್ರೈಕರ್‌ನ ರೋಲ್ ಬದಲಿಸಿ, ಕೆಳಗೆ ಇಳಿದು ಆಡುವ ಡೀಪ್ ಲೈಯಿಂಗ್ ಫಾರ್ವರ್ಡ್ ಮಾಡಿ ಸಪೋರ್ಟ್ ಡ್ಯೂಟಿ ಕೊಟ್ಟೆ. ಅವನ ಹಿಂದೆ ಒಬ್ಬ ಶ್ಯಾಡೋ ಸ್ಟ್ರೈಕರ್, ಹಿಂದಿನಿಂದ ಬಾಕ್ಸ್‌ಗೆ ನುಗ್ಗುವವನು. ಎಡ ವಿಂಗರ್‌ನನ್ನು ಇನ್‌ಸೈಡ್ ಫಾರ್ವರ್ಡ್ ಮಾಡಿದೆ, ಒಳಗೆ ಬರಲಿ ಅಂತ. ಅವನು ಬಿಟ್ಟ ಜಾಗಕ್ಕೆ ವಿಂಗ್ ಬ್ಯಾಕ್. ಬಲಗಡೆ ಇದಕ್ಕೆ ಉಲ್ಟಾ. ಅಲ್ಲಿ ವಿಂಗರ್ ಗೆರೆ ಹತ್ತಿರವೇ ಇರಬೇಕು, ಫುಲ್ ಬ್ಯಾಕ್ ಇನ್ವರ್ಟೆಡ್ ವಿಂಗ್ ಬ್ಯಾಕ್ ಆಗಿ ಮಿಡ್‌ಫೀಲ್ಡ್ ಪಕ್ಕಕ್ಕೆ ಬರಬೇಕು. ಪ್ರೆಸ್, ಅಂದರೆ ಚೆಂಡು ಇರುವವನ ಮೇಲೆ ಒತ್ತಡ ಹಾಕುವುದನ್ನು, ಶುರು ಮಾಡುವ ಗೆರೆಯನ್ನೂ ಸ್ವಲ್ಪ ಹಿಂದಕ್ಕೆ ತಂದೆ. ಅವರ ಕಾಲಿಗೆ ಚೆಂಡು ಸಿಕ್ಕಾಗ ನಾಲ್ಕು ಹೆಜ್ಜೆ ಮುಂದೆ ಬರಲಿ, ಕಿತ್ತುಕೊಂಡು ಓಡಲು ನಮಗೆ ಜಾಗ ಸಿಗಲಿ ಅಂತ.

31ನೇ ನಿಮಿಷದ ಗೋಲ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಚೆಂಡು ತುಂಬಾ ಹೊತ್ತು ಬಲಗಡೆಯೇ ಓಡಾಡಿತು. ಅವರ ಗೋಡೆ ನಿಧಾನವಾಗಿ ಆ ಕಡೆ ಸರಿಯಿತು. ಆಗ ನಮ್ಮ ಸ್ಟ್ರೈಕರ್ ಕೆಳಗೆ ಇಳಿದ. ಅವರ ನಡುವಿನ ಸೆಂಟರ್ ಬ್ಯಾಕ್ ಅವನ ಹಿಂದೆ ಮೂರು ಹೆಜ್ಜೆ ಬಂದ. ಮೂರೇ ಹೆಜ್ಜೆ. ಆ ಸಂದಿಗೆ ಶ್ಯಾಡೋ ಸ್ಟ್ರೈಕರ್ ನುಗ್ಗಿದ, ಅದನ್ನು ಮುಚ್ಚಲು ಉಳಿದಿಬ್ಬರು ಒಳಗೆ ಓಡಿದರು. ಅಷ್ಟರಲ್ಲಿ ಚೆಂಡು ಎಡಗಡೆಗೆ ಹೋಗಿತ್ತು. ವಿಂಗ್ ಬ್ಯಾಕ್ ಹತ್ತಿರ ಯಾರೂ ಇಲ್ಲ. ಗೋಲ್ ಗೆರೆವರೆಗೂ ಓಡಿ ನೆಲಕ್ಕಂಟಿದ ಕಟ್‌ಬ್ಯಾಕ್ (ಹಿಂದಕ್ಕೆ ಬರುವ ಪಾಸ್) ಕೊಟ್ಟ. ಇನ್‌ಸೈಡ್ ಫಾರ್ವರ್ಡ್ ಪೆನಾಲ್ಟಿ ಸ್ಪಾಟ್ ಹತ್ತಿರ ಒಬ್ಬನೇ ಬಂದು ತಟ್ಟಿದ. ಆ ಪಂದ್ಯದಲ್ಲಿ ನಾವು ಹೊಡೆದದ್ದು 11 ಶಾಟ್, ಎಕ್ಸ್‌ಜಿ 1.9, ಗೆದ್ದದ್ದು 2-0. ಹಿಂದಿನ ವಾರಕ್ಕಿಂತ ಶಾಟ್ ಅರ್ಧಕ್ಕೆ ಇಳಿದಿತ್ತು, ಅವಕಾಶ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು.

‘ವರ್ಕ್ ಬಾಲ್ ಇಂಟು ಬಾಕ್ಸ್’ ಅನ್ನುವ ಸೂಚನೆ ಬಗ್ಗೆ ಒಂದು ಮಾತು. ಗೋಡೆ ಕಂಡ ಕೂಡಲೇ ಎಲ್ಲರೂ ಇದನ್ನು ಒತ್ತುತ್ತಾರೆ, ನಾನೂ ಒತ್ತುತ್ತಿದ್ದೆ. ದೂರದ ಶಾಟ್ ಕಡಿಮೆ ಆಗುವುದು ನಿಜ. ಆದರೆ ವಿಷನ್, ಡಿಸಿಷನ್ಸ್ ಅನ್ನುವ ಗುಣಗಳ ಅಂಕ ಎರಡೂ 20ಕ್ಕೆ 10ರ ಆಸುಪಾಸು ಇರುವ ಆಟಗಾರರಿಗೆ ಇದನ್ನು ಕೊಟ್ಟರೆ ಬಾಕ್ಸ್ ಸುತ್ತ ಚೆಂಡು ಆ ಕಡೆ ಈ ಕಡೆ ಓಡಾಡುತ್ತದೆ, ಒಳಗೆ ಹೋಗುವುದಿಲ್ಲ. ಲಾಂಗ್ ಶಾಟ್ಸ್ 16 ಇರುವ ಒಬ್ಬ ಮಿಡ್‌ಫೀಲ್ಡರ್ ಇದ್ದರೆ ಅವನಿಗೆ ಹೊಡೆಯಲು ಬಿಡಿ. ಅವನನ್ನು ತಡೆಯಲು ಯಾರಾದರೂ ಮುಂದೆ ಬರಲೇಬೇಕು. ಕ್ರಾಸ್ ವಿಷಯವೂ ಹಾಗೇ. ಅವರ ಮೂವರು ಸೆಂಟರ್ ಬ್ಯಾಕ್‌ಗಳೂ ಎತ್ತರದವರಾಗಿದ್ದರೆ ತೇಲಿಸುವ ಕ್ರಾಸ್ ದಂಡ. ನೆಲಮಟ್ಟದ ಕ್ರಾಸ್ ಆರಿಸಿ.

ಕಾರ್ನರ್, ಫ್ರೀಕಿಕ್ ಭಾಗ ಈ ಆವೃತ್ತಿಯ ದೊಡ್ಡ ಸುಧಾರಣೆ. ಸೆಟ್ ಪೀಸ್ ಕೋಚ್ ಅನ್ನುವ ಹುದ್ದೆಯೇ ಬಂದಿದೆ. ಇದನ್ನು ಉದಾಸೀನ ಮಾಡಬೇಡಿ. 2018ರ ವಿಶ್ವಕಪ್‌ನಲ್ಲಿ ಸ್ಪೇನ್, ರಷ್ಯಾ ಗೋಡೆಯ ಎದುರು ಸಾವಿರಕ್ಕೂ ಜಾಸ್ತಿ ಪಾಸ್ ಮಾಡಿತು. ಅವರಿಗೆ ಸಿಕ್ಕ ಒಂದೇ ಗೋಲ್ ಫ್ರೀಕಿಕ್‌ನಿಂದ, ಅದೂ ರಷ್ಯಾ ಆಟಗಾರನ ಕಾಲಿಗೆ ತಾಗಿ ಒಳಗೆ ಹೋದದ್ದು. 1-1 ಆಗಿ ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸ್ಪೇನ್ ಸೋತಿತು. ಆ ಪಂದ್ಯ ನೆನಪಿದ್ದವರಿಗೆ ಈ ಆಟ ಎಷ್ಟು ನಿಜ ಅಂತ ಬೇರೆ ಹೇಳಬೇಕಾಗಿಲ್ಲ. ನಾನು ಹತ್ತಿರದ ಪೋಸ್ಟ್‌ಗೆ ಬರುವ ಕಾರ್ನರ್ ಒಂದನ್ನು ಕೂತು ತಿದ್ದಿದೆ. ಜಂಪಿಂಗ್ ರೀಚ್ 17 ಇರುವ ನಮ್ಮ ಸೆಂಟರ್ ಬ್ಯಾಕ್ ಆ ಸೀಸನ್ ಒಂಬತ್ತು ಗೋಲ್ ಹೊಡೆದ.

ನನಗೆ ಕೊರತೆ ಅನಿಸಿದ್ದು ಒಂದೇ. ಇಷ್ಟೆಲ್ಲ ಆಳ ಇದ್ದರೂ ಯಾವ ರೋಲ್ ಪಕ್ಕ ಯಾವ ರೋಲ್ ಇಟ್ಟರೆ ಜಾಗ ತೆರೆಯುತ್ತದೆ ಅನ್ನೋದು ವಿವರಣೆಗಳಲ್ಲಿ ಸಿಗುವುದಿಲ್ಲ. ಒಂದೊಂದು ರೋಲ್‌ಗೆ ಎರಡು ಮೂರು ಸಾಲು ಇದೆ ಅಷ್ಟೇ. ಹೊಸಬರು ಅದನ್ನು ಓದಿ ಟ್ಯಾಕ್ಟಿಕ್ ಕಟ್ಟುವುದು ಕಷ್ಟ.

ಐದು ನಿಮಿಷಕ್ಕೆ ಒಂದು ಪಂದ್ಯ ಮುಗಿಸಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ಕೂತು ನೋಡುವ ಆಸೆ ಇರುವವರು ಖಂಡಿತ ತೆಗೆದುಕೊಳ್ಳಿ. ನಾನೀಗ ಆರನೇ ಸೀಸನ್‌ನಲ್ಲಿದ್ದೇನೆ. ಇವತ್ತಿಗೂ ನಮ್ಮ ಮೈದಾನದ ಪ್ರತಿ ಪಂದ್ಯದ ಮೊದಲ 15 ನಿಮಿಷ ಪೂರ್ತಿ ನೋಡುತ್ತೇನೆ. ಸ್ಟ್ರೈಕರ್ ಚುಕ್ಕೆ ಕೆಳಗೆ ಇಳಿದಾಗ ಅದರ ಹಿಂದೆ ಯಾರಾದರೂ ಬರುತ್ತಾರಾ ಅಂತ ನೋಡಿ, ಆಮೇಲೆ ಹೈಲೈಟ್ಸ್‌ಗೆ ಬದಲಾಯಿಸುತ್ತೇನೆ.