ಜಕ್ಕೂರು ಕೆರೆ ಪಕ್ಕದ ಗೇಟೆಡ್ ಮನೆ: ಹಿಂದಿನ ಬ್ಲಾಕಿನಿಂದ ಒಂದು ವರದಿ

ಕೆರೆ ಕಾಣೋ ಮನೆಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಚಪ್ಪಲಿ ಮೆಟ್ಟಿಕೊಂಡು ಕೆರೆಗೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಸಾಕು. ಬೆಂಗಳೂರಿನ ಜಕ್ಕೂರು ಕಡೆ ಕೈಗೆಟುಕುವ ಅಪಾರ್ಟ್‌ಮೆಂಟ್ ಹುಡುಕುವವರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ. ನಾವು ಅಂಥದ್ದೇ ಒಂದರಲ್ಲಿ ಇದ್ದೇವೆ. ಹೆಸರು ಹೇಳುವುದಿಲ್ಲ, ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ನಾನಿನ್ನೂ ಬಾಳಬೇಕಲ್ಲ!

ನಮ್ಮದು ಎರಡು ಬೆಡ್‌ರೂಮಿನ ಮನೆ, ರೀಸೇಲ್‌ನಲ್ಲಿ ತಗೊಂಡಿದ್ದು. ಕಾಗದದಲ್ಲಿ 1,040 ಚದರಡಿ. ಒಳಗೆ ಓಡಾಡಲು ಸಿಗುವುದು 740ರ ಆಸುಪಾಸು. ಮಿಕ್ಕಿದ್ದು ಲಿಫ್ಟು, ಮೆಟ್ಟಿಲು, ಕ್ಲಬ್‌ಹೌಸಿನ ಲೆಕ್ಕಕ್ಕೆ ಹೋಗುತ್ತದೆ. ಮುಂದಿನ ಬ್ಲಾಕಿನವರು ಲೇಕ್ ವ್ಯೂ ಅಂತ ಲಕ್ಷಗಟ್ಟಲೆ ಹೆಚ್ಚು ಕೊಟ್ಟಿದ್ದಾರೆ. ಅವರ ಬಾಲ್ಕನಿಯಿಂದ ಕೆರೆ ಚೆನ್ನಾಗಿಯೇ ಕಾಣುತ್ತದೆ, ಸುಳ್ಳು ಹೇಳಬಾರದು. ಆದರೆ ಸಂಜೆ ಆರಾದ ಮೇಲೆ ಅಲ್ಲಿ ಕೂರೋಕೆ ಸೊಳ್ಳೆ ಬಿಡಬೇಕಲ್ಲ. ಎಲ್ಲರೂ ಮೆಶ್ ಬಾಗಿಲು ಹಾಕಿಸಿಕೊಂಡು ಅದರ ಹಿಂದಿನಿಂದಲೇ ಕೆರೆ ನೋಡುತ್ತಾರೆ. ನಮ್ಮ ಹಿಂದಿನ ಬ್ಲಾಕಿಗೆ ಕಾಣುವುದು ಮಕ್ಕಳ ಜಾರುಬಂಡೆ ಮತ್ತು ಜನರೇಟರ್ ರೂಮು. ಸೊಳ್ಳೆ ನಮಗೂ ಇದೆ, ಸ್ವಲ್ಪ ಕಡಿಮೆ.

ಕೆರೆ ಮಾತ್ರ ನಿಜಕ್ಕೂ ಒಳ್ಳೆಯದು. ಸುಮಾರು 160 ಎಕರೆ. ಬೇಸಿಗೆಯಲ್ಲೂ ಇಲ್ಲಿ ನೀರಿರುತ್ತದೆ, ಯಾಕೆಂದರೆ ಸುತ್ತಲಿನ ಮನೆಗಳ ಕೊಳಚೆ ನೀರು ಶುದ್ಧವಾಗಿ ಇಲ್ಲಿಗೇ ಬರುತ್ತದೆ. ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕ ಇದೆ, ದಿನಕ್ಕೆ 1 ಕೋಟಿ ಲೀಟರಿನ ಲೆಕ್ಕದಲ್ಲಿ ಶುರುವಾದದ್ದು. ಅಲ್ಲಿಂದ ಬಿಟ್ಟ ನೀರು ಜೊಂಡು ಬೆಳೆದ ಜೌಗಿನೊಳಗೆ ನಿಧಾನಕ್ಕೆ ಹಾದು, ಇನ್ನಷ್ಟು ಕೊಳೆ ಕಳೆದುಕೊಂಡು ಕೆರೆ ಸೇರುತ್ತದೆ. ಕೆರೆ ತುಂಬಿ ಕೋಡಿ ಬಿದ್ದರೆ ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಈ ಜೌಗಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ನೇರಳೆ ಬಣ್ಣದ ಜಂಬುಕೋಳಿ ಜೊಂಡಿನ ದಂಟು ಕಿತ್ತು, ಉದ್ದ ಕಾಲ್ಬೆರಳಲ್ಲಿ ಹಿಡಿದುಕೊಂಡು, ಕಬ್ಬು ಸಿಗಿಯುವ ಹುಡುಗರ ಹಾಗೆ ಬಾಯಿಗೆ ತರುತ್ತದೆ. ಹೆಜ್ಜಾರ್ಲೆಗಳೂ ಬರುತ್ತವೆ.

ನಮ್ಮ ಮಾವ ತಿಪಟೂರು ಬಿಟ್ಟು ಬಂದಾಗ "ಇಲ್ಲಿ ಉಸಿರು ಕಟ್ಟುತ್ತೆ ಕಣಮ್ಮ, ನನ್ನ ವಾಪಸ್ ಬಸ್ ಹತ್ತಿಸು" ಅನ್ನುತ್ತಿದ್ದರು. ಈಗ ಬೆಳಗಾದರೆ ಏರಿ ಮೇಲೆ ಹಾಜರ್. ತೆಪ್ಪದಲ್ಲಿ ಬಲೆ ಎಳೆಯುವವರೆಲ್ಲ ಅವರಿಗೆ ಪರಿಚಯ. ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಆದರೂ ಇವತ್ತು ಕಾಟ್ಲಾ ಎಷ್ಟು ಬಿತ್ತು ಅನ್ನುವ ವರದಿ ದೋಸೆ ಜೊತೆಗೇ ಬರುತ್ತದೆ.

ನನ್ನ ದೊಡ್ಡ ತಕರಾರು ಒಂದು ಗೇಟಿನದು. ಬಿಲ್ಡರ್ ಹಂಚಿದ್ದ ಹಳೇ ಕರಪತ್ರದಲ್ಲಿ ಕೆರೆಗೆ ನೇರ ದಾರಿ ಅಂತ ಅಚ್ಚು ಹಾಕಿಸಿದ್ದಾರೆ. ಹಿಂದಿನ ಕಾಂಪೌಂಡಿನಲ್ಲಿ ಕಬ್ಬಿಣದ ಪುಟ್ಟ ಗೇಟೂ ಇದೆ. ಬೀಗ ತುಕ್ಕು ಹಿಡಿದಿದೆ. ಅದರಾಚೆ ಇರುವುದು ಕೆರೆಯ ಜಾಗ, ನಮ್ಮದಲ್ಲ. ಅಲ್ಲಿ ದಾರಿ ಮಾಡಲು ಯಾರ ಅನುಮತಿಯೂ ಇಲ್ಲ. ಹಾಗಾಗಿ ಮುಖ್ಯ ರಸ್ತೆಗೆ ಬಂದು, ಟಿಪ್ಪರ್ ಲಾರಿಗಳಿಗೆ ಜಾಗ ಬಿಟ್ಟುಕೊಂಡು, ಸುತ್ತಿ ಹೋಗಬೇಕು. ಕೆರೆ ಸಾರ್ವಜನಿಕರದ್ದು ನಿಜ, ಆದರೆ ಇಲ್ಲದ ದಾರಿ ತೋರಿಸಿ ಮನೆ ಮಾರುವುದು ಯಾವ ನ್ಯಾಯ?

ಒಳಗಿನ ಸೌಲಭ್ಯಗಳಿಗೆ ಬರೋಣ. ಬ್ಯಾಡ್ಮಿಂಟನ್ ಕೋರ್ಟಿಗೆ ಪೈಸಾ ವಸೂಲ್. ಜಾಗ ಕಾಯ್ದಿರಿಸಲು ಬೆಳಗ್ಗೆ ಐದೂವರೆಗೆ ಜಗಳ ಆಗುತ್ತದೆ ಅಂದರೆ ಅರ್ಥ ಮಾಡಿಕೊಳ್ಳಿ. ಹೊಂಗೆ ಮರದ ಕೆಳಗಿನ ಕಲ್ಲು ಬೆಂಚುಗಳು ಇನ್ನೂ ಉಪಯೋಗ. ಓಪನ್ ಜಿಮ್ಮಿನಲ್ಲಿ ಎರಡು ಯಂತ್ರ ಕಿರುಗುಟ್ಟುತ್ತವೆ, ಒಂದು ಅಲುಗುವುದೇ ಇಲ್ಲ. ಆಂಫಿಥಿಯೇಟರ್ ಅಂತ ಅರ್ಧಚಂದ್ರಾಕಾರದ ಮೆಟ್ಟಿಲು ಕಟ್ಟಿದ್ದಾರೆ, ನಾಟಕ ಆಡಿದ್ದನ್ನು ಕಂಡವರಿಲ್ಲ. ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ಹೆಂಗಸರೆಲ್ಲ ಸೇರಿ ಅಲ್ಲಿ ಸಂಡಿಗೆ ಇಟ್ಟೆವು. ಮೂರನೇ ದಿನ ಗುಂಪಿನಲ್ಲಿ ನೋಟಿಸ್ ಬಂತು, ಫೋಟೋ ಸಮೇತ.

ಈಜುಕೊಳದ ಆಸೆಗೆ ಮನೆ ತಗೋಬೇಡಿ. 2024ರ ಬೇಸಿಗೆ ನೆನಪಿದೆಯಲ್ವಾ? ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ, ಈಜುಕೊಳಕ್ಕೆ ಬಳಸಬಾರದು ಅಂತ ಆದೇಶ ಮಾಡಿತು, ತಪ್ಪಿದರೆ 5,000 ರೂಪಾಯಿ ದಂಡ. ನಮ್ಮ ಕೊಳ ಖಾಲಿ ಬಿತ್ತು, ಹುಡುಗರು ಅದರೊಳಗೇ ಕ್ರಿಕೆಟ್ ಆಡಿದರು. ಪಕ್ಕದಲ್ಲೇ ಅಷ್ಟು ದೊಡ್ಡ ಕೆರೆ, ನಮ್ಮ ಗೇಟಿನಲ್ಲಿ ಟ್ಯಾಂಕರ್ ಸಾಲು. ಕೆರೆ ಇದ್ದರೆ ಬೋರ್‌ವೆಲ್ಲಿಗೆ ಅನುಕೂಲ ಆಗಬಹುದು, ಆದರೆ ಇನ್ನೂರು ಮನೆಗೆ ಬೋರನ್ನೇ ನಂಬಿ ಕೂರೋಕಾಗಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ನೀವು ನೋಡುವ ಕಟ್ಟಡಕ್ಕೆ ಅದರ ಸಂಪರ್ಕ ಸಿಕ್ಕಿದೆಯಾ, ಸುಮ್ನೆ ಅರ್ಜಿ ಹಾಕಿ ಕೂತಿದ್ದಾರಾ ಅಂತ ಕೇಳಿ.

ಮೇಂಟೆನೆನ್ಸ್ ಚದರಡಿಗೆ 3 ರೂಪಾಯಿ 75 ಪೈಸೆ, ತಿಂಗಳಿಗೆ 3,900. ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಬೇರೆ. ಇಷ್ಟು ಸೌಲಭ್ಯಕ್ಕೆ ಇದು ದುಬಾರಿ ಅಲ್ಲ. ದೊಡ್ಡ ಮನೆ ನೋಡುವವರಿಗೆ ಒಂದು ಮಾತು: ತಿಂಗಳಿಗೆ 7,500 ದಾಟಿ, ಸಂಘದ ವರ್ಷದ ವಹಿವಾಟೂ 20 ಲಕ್ಷ ದಾಟಿದ್ದರೆ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವವಳು, ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಕೆರೆ ಪಕ್ಕ ಅಂದ ಮೇಲೆ ಬೇಸ್‌ಮೆಂಟ್ ನೋಡದೆ ಅಡ್ವಾನ್ಸ್ ಕೊಡಬೇಡಿ. ಮಳೆಗಾಲದಲ್ಲಿ ನಮ್ಮ ಕೆಳಗಿನ ಪಾರ್ಕಿಂಗಿನ ಒಂದು ಗೋಡೆ ಜಿನುಗುತ್ತದೆ, ಪಂಪ್ ಓಡುತ್ತಲೇ ಇರಬೇಕು. ಗೋಡೆ ಬುಡದಲ್ಲಿ ಬಿಳಿ ಉಪ್ಪಿನ ಗೆರೆ ಇದೆಯಾ ನೋಡಿ, ಹೊಸ ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಹೊಸ ಪ್ರಾಜೆಕ್ಟ್ ಆದರೆ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ ಕಾಣಿಸಿಕೊಂಡ ದೋಷವನ್ನು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಪ್ರಕಾರ ಬಿಲ್ಡರೇ ಸರಿ ಮಾಡಿಕೊಡಬೇಕು. ಜಾಗದ ಸರ್ವೆ ನಂಬರ್ ಇಸ್ಕೊಂಡು ಸರ್ಕಾರದ ದಿಶಾಂಕ್ ಆಪ್‌ನಲ್ಲಿ ನೋಡಿ. ಕೆರೆ, ರಾಜಕಾಲುವೆ ಎಲ್ಲಿ ಹಾದುಹೋಗಿವೆ ಅಂತ ನಕ್ಷೆ ತೋರಿಸುತ್ತದೆ. ಕೆರೆಯಿಂದ 75 ಮೀಟರ್ ಜಾಗ ಬಿಟ್ಟು ಕಟ್ಟಬೇಕು ಅಂದಿದ್ದ ಹಸಿರು ನ್ಯಾಯಮಂಡಳಿಯ 2016ರ ಆದೇಶವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು, ನಿಜ. ಹಾಗಂತ ಕೆರೆಗೆ ಅಂಟಿಕೊಂಡೇ ಕಟ್ಟಬಹುದು ಅಂತ ಅಲ್ಲ. ಏಜೆಂಟರು ಮೊದಲರ್ಧ ಮಾತ್ರ ಹೇಳುತ್ತಾರೆ.

ಮನೆ ತೋರಿಸಲು ಅವರು ಭಾನುವಾರ ಬೆಳಗ್ಗೆ ಕರೆಯುತ್ತಾರೆ. ತಣ್ಣಗೆ ಗಾಳಿ, ಏರೋಡ್ರಮ್ ಕಡೆಯಿಂದ ಹಾರುವ ಪುಟ್ಟ ವಿಮಾನ, ಯಾರಿಗೆ ಇಷ್ಟ ಆಗಲ್ಲ? ನೀವು ವಾರದ ನಡುವೆ ಸಂಜೆ ಏಳಕ್ಕೆ ಹೋಗಿ. ಹೆಬ್ಬಾಳದ ಟ್ರಾಫಿಕ್, ಸೊಳ್ಳೆ, ಎಸ್‌ಟಿಪಿ (ಕೊಳಚೆ ನೀರಿನ ಶುದ್ಧೀಕರಣ ಘಟಕ) ವಾಸನೆ ಮೂರೂ ಆಗಲೇ ಸಿಗುತ್ತವೆ. ಕಳೆದ ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬಂತು ಅಂತ ಗೇಟಿನ ಸೆಕ್ಯುರಿಟಿಯವರನ್ನು ಕೇಳಿ. ರಿಜಿಸ್ಟರ್ ಬರೆಯುವವರು ಅವರೇ.