ಫ್ಯಾನ್‌ಲೋರ್: ಫ್ಯಾನ್ ಫಿಕ್ಷನ್ ಪದಗಳ ಜಾಡು ಹಿಡಿಯಲು

ಫ್ಯಾನ್ ಫಿಕ್ಷನ್ (ಮೆಚ್ಚಿನ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆ) ಓದಲು ಹೊರಟವರು ಮೊದಲು ಎಡವುವುದು ಟ್ಯಾಗ್‌ಗಳಲ್ಲಿ, ಅಂದರೆ ಕಥೆಗೆ ಹಚ್ಚುವ ಗುರುತುಪದಗಳಲ್ಲಿ. ಅವುಗಳ ಅರ್ಥಕ್ಕೆ ನಮ್ಮ ಮೊದಲ ಶಿಫಾರಸು ಫ್ಯಾನ್‌ಲೋರ್ ವಿಕಿ. 2008ರಲ್ಲಿ ಶುರುವಾದ ಇದನ್ನು ನಡೆಸುವುದು ಫ್ಯಾನ್ ಫಿಕ್ಷನ್ ಸಂಗ್ರಹತಾಣವಾದ ಎಓ3ಯ (ಆರ್ಕೈವ್ ಆಫ್ ಅವರ್ ಓನ್) ಹಿಂದಿರುವ ಲಾಭರಹಿತ ಸಂಸ್ಥೆಯೇ. ಉಚಿತ, ಓದಲು ಖಾತೆಯೂ ಬೇಡ.

ಅರ್ಥ ಹೇಳಿ ಕೈತೊಳೆದುಕೊಳ್ಳದೆ, ಹಳೆಯ ಫ್ಯಾನ್‌ಜೀನ್‌ಗಳ (ಅಭಿಮಾನಿಗಳೇ ಹೊರತರುವ ಪತ್ರಿಕೆಗಳ) ಸಾಲುಗಳನ್ನು ಇಸವಿ ಸಮೇತ ಕೊಡುವುದೇ ಇದರ ಹೆಚ್ಚುಗಾರಿಕೆ. 'ಮೇರಿ ಸೂ' ಪುಟ ತೆರೆಯಿರಿ. 1973ರಲ್ಲಿ ಪೌಲಾ ಸ್ಮಿತ್ ಸ್ಟಾರ್ ಟ್ರೆಕ್ ಎಂಬ ಟಿವಿ ಸರಣಿಯ ಅಭಿಮಾನಿಗಳ ಪತ್ರಿಕೆಗೆ ಬರೆದ ಅಣಕು ಕಥೆಯ ನಾಯಕಿ ಈಕೆ: ಹದಿನೈದೂವರೆ ವರ್ಷಕ್ಕೇ ಲೆಫ್ಟಿನೆಂಟ್. ಅಣಕವಿದ್ದದ್ದು ನಾಯಕಿ ಎಲ್ಲದರಲ್ಲೂ ಅತಿ ಪರಿಪೂರ್ಣಳಾಗಿರುವ ಒಂದು ಬಗೆಯ ಕಥೆಯ ಮೇಲೆ. ಬರಬರುತ್ತಾ ಹೊಸದಾಗಿ ಸೇರಿಸಿದ ಯಾವುದೇ ಚುರುಕಾದ ಹೆಣ್ಣುಪಾತ್ರಕ್ಕೂ ಆ ಹಣೆಪಟ್ಟಿ ಅಂಟಿ ಬೈಗುಳವಾಯಿತು. ಇದು ನಿಜಕ್ಕೂ ಅನ್ಯಾಯ.

ಭಿನ್ನಾಭಿಪ್ರಾಯಗಳನ್ನು ಅಕ್ಕಪಕ್ಕ ಇಡುವುದು ಈ ವಿಕಿಯ ನೀತಿ. ಹಾಗಾಗಿ ಮೊದಲ ಪ್ಯಾರಾ ಮಾತ್ರ ಓದಿದರೆ ದಾರಿ ತಪ್ಪುತ್ತೀರಿ. ಕೆಳಗಿನ ಉಲ್ಲೇಖಗಳ ಇಸವಿ ನೋಡಿ, ಬಳಿಕ ಎಓ3ಯಲ್ಲಿ ಇಂದಿನ ಬಳಕೆಯನ್ನು ಪರೀಕ್ಷಿಸಿ. ಸ್ಟಾರ್ ಟ್ರೆಕ್ ಪಾತ್ರಗಳಾದ ಕರ್ಕ್, ಸ್ಪಾಕ್ ಹೆಸರುಗಳ ನಡುವಿನ ಓರೆಗೆರೆಯಿಂದ (/) ಹುಟ್ಟಿದ 'ಸ್ಲ್ಯಾಶ್' ಇಬ್ಬರು ಗಂಡಸರ ಪ್ರೇಮಕಥೆಗೆ ಹೆಸರಾಯಿತು. ಎಓ3ಯಲ್ಲಿ ಅದೇ ಗೆರೆ ಯಾವುದೇ ಪ್ರಣಯ ಜೋಡಿಗೆ ಸಲ್ಲುತ್ತದೆ; ಸ್ನೇಹಕ್ಕೆ '&' ಚಿಹ್ನೆ.

'ಡ್ರಾಬಲ್' ಎಂದರೆ ಸರಿಯಾಗಿ 100 ಪದಗಳ ಕಥೆ, ಆದರೆ ಈಗ ಅನೇಕರು ಯಾವ ಚಿಕ್ಕ ಕಥೆಗೂ ಹಾಗೆನ್ನುತ್ತಾರೆ. ಅಸಲಿ ಡ್ರಾಬಲ್ ಬೇಕಿದ್ದರೆ ಎಓ3ಯಲ್ಲಿ ಆ ಟ್ಯಾಗ್ ಆರಿಸಿ, ಪದಸಂಖ್ಯೆ ಫಿಲ್ಟರ್‌ನಲ್ಲಿ 95ರಿಂದ 105 ಎಂದು ಕೊಡಿ. 100ಕ್ಕೇ ಕಟ್ಟಿಹಾಕಿದರೆ ಕೆಲವು ತಪ್ಪಿಹೋಗುತ್ತವೆ. ಅಡ್ಡಗೆರೆಯಿಂದ ಸೇರಿದ ಪದಗಳನ್ನು ಒಂದೊಂದು ತಂತ್ರಾಂಶ ಒಂದೊಂದು ರೀತಿ ಎಣಿಸುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು 'ಡೆಡ್ ಡವ್: ಡು ನಾಟ್ ಈಟ್' (ಸತ್ತ ಪಾರಿವಾಳ: ತಿನ್ನಬೇಡಿ) ಎಂಬ ಟ್ಯಾಗ್‌ಗೆ. ಅರೆಸ್ಟೆಡ್ ಡೆವಲಪ್‌ಮೆಂಟ್ ಧಾರಾವಾಹಿಯಲ್ಲಿ ಫ್ರಿಜ್‌ನಲ್ಲಿದ್ದ ಚೀಲದ ಮೇಲಿನ ಬರಹವಿದು; ಒಳಗಿದ್ದದ್ದೂ ಸತ್ತ ಪಾರಿವಾಳವೇ. ಉಳಿದ ಟ್ಯಾಗ್‌ಗಳು ಹೇಳಿದ್ದೇ ಕಥೆಯಲ್ಲಿದೆ, ಆಮೇಲೆ ದೂರಬೇಡಿ ಎಂಬುದು ಮೂಲ ಆಶಯ. ಈಗ ಬರೀ 'ಕರಾಳ ಕಥೆ' ಎಂಬರ್ಥದಲ್ಲೂ ಹಾಕುತ್ತಾರೆ. ಅದೊಂದೇ ಟ್ಯಾಗ್ ಇದ್ದರೆ ಒಳಗೇನಿದೆ ಎಂದು ತಿಳಿಯದು, ಅಂಥ ಕಥೆಯನ್ನು ತೆರೆಯುವ ಮೊದಲು ಲೇಖಕರ ಟಿಪ್ಪಣಿ ಓದಿ.

ಕೊರತೆಯೂ ಉಂಟು. ಇಂಗ್ಲಿಷ್ ಟಿವಿ ಸರಣಿಗಳ ಅಭಿಮಾನಿ ಬಳಗದ ಮಾಹಿತಿ ದಟ್ಟವಾಗಿದೆ, ಭಾರತೀಯ ಬಳಗಗಳದ್ದು ತೀರಾ ತೆಳು. ಖಾತೆ ತೆರೆದು ನೀವೇ ತಿದ್ದಬಹುದು. ಸೇರಿಸುವಾಗ ಬಳಕೆಯ ಉದಾಹರಣೆ, ದಿನಾಂಕ, ಕೊಂಡಿ ಮೂರನ್ನೂ ಕೊಡಿ.