ಪಿತ್ತಕೋಶ: ಜೊತೆಗೇ ತೆಗೆಸುವುದೋ, ಮಾತ್ರೆ ನುಂಗಿ ಕಾಯುವುದೋ?

ಜಯನಗರದ ನಮ್ಮ ಅತ್ತಿಗೆಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದೆ. "ಹೇಗೂ ಹೊಟ್ಟೆ ಕೊಯ್ಯುತ್ತಾರಲ್ಲ, ಪಿತ್ತಕೋಶವನ್ನೂ ತೆಗೆಸಿಬಿಡಲೇ?" ಎಂದು ಕೇಳಿದರು. ದಡ್ಡ ಪ್ರಶ್ನೆಯೇನಲ್ಲ. ತೂಕ ಸರಸರನೆ ಇಳಿಯುವಾಗ ಕರಗಿದ ಕೊಬ್ಬಿನ ಕೊಲೆಸ್ಟರಾಲ್ ಪಿತ್ತರಸಕ್ಕೆ ಸೇರುತ್ತದೆ. ಊಟ ತಗ್ಗಿದ್ದರಿಂದ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ. ನಿಂತ ರಸದಲ್ಲಿ ಕಲ್ಲು ಕಟ್ಟುತ್ತದೆ.

ಈಗಾಗಲೇ ಕಲ್ಲಿದ್ದು ನೋವೂ ಬರುತ್ತಿದ್ದರೆ ಜೊತೆಯಲ್ಲೇ ತೆಗೆಸುವುದು ಲೇಸು. ಪಿತ್ತಕೋಶವಿಲ್ಲದಿದ್ದರೂ ಯಕೃತ್ತಿನ ರಸ ನೇರವಾಗಿ ಕರುಳಿಗೆ ಇಳಿದು ಊಟ ಜೀರ್ಣವಾಗುತ್ತದೆ. ಕೆಲವರಿಗೆ ಭೇದಿಯ ಕಾಟವಿರಬಹುದು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ನನ್ನ ಒಲವು ಮಾತ್ರೆಯ ಕಡೆಗೆ: ಕಲ್ಲು ಕಟ್ಟದಂತೆ ತಡೆಯುವ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ, ಸಾಮಾನ್ಯವಾಗಿ ಮೊದಲ 6 ತಿಂಗಳು. ತಪ್ಪಿಸಿ ತಪ್ಪಿಸಿ ನುಂಗಿದರೆ ಪ್ರಯೋಜನ ಕಡಿಮೆ. ಅತ್ತಿಗೆಯ ಮರೆವು ಬಲ್ಲ ನನಗೆ ಅಳುಕಿರುವುದು ಅಲ್ಲೇ.

ಯಾವ ಶಸ್ತ್ರಚಿಕಿತ್ಸೆ ಎಂಬುದೂ ಮುಖ್ಯ. ಸ್ಲೀವ್ (ಜಠರದ ಬಹುಭಾಗ ತೆಗೆದು ಉಳಿದದ್ದನ್ನು ಕೊಳವೆಯಂತೆ ಕಿರಿದಾಗಿಸುವುದು) ಆದವರಿಗೆ ಕಲ್ಲು ಪಿತ್ತನಾಳಕ್ಕೆ ಜಾರಿದರೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆಗೆಯಬಹುದು. ಗ್ಯಾಸ್ಟ್ರಿಕ್ ಬೈಪಾಸ್ (ಜಠರದ ಮೇಲ್ತುದಿಯನ್ನು ಪುಟ್ಟ ಚೀಲವಾಗಿಸಿ ನೇರವಾಗಿ ಸಣ್ಣಕರುಳಿಗೆ ಜೋಡಿಸುವುದು) ಆದವರಲ್ಲಿ ಆ ದಾರಿಯೇ ಬದಲಾಗಿರುತ್ತದೆ, ಕೆಲಸ ಬಹಳ ಕಷ್ಟ. ಮಾತ್ರೆಯನ್ನು ಆರಿಸಿಕೊಂಡವರು ಬಲಪಕ್ಕೆಯ ಕೆಳಗೆ ನೋವು, ಜ್ವರ, ಕಣ್ಣು ಹಳದಿಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅತ್ತಿಗೆಗೆ ಆಗಲಿರುವುದು ಬೈಪಾಸ್. ಸ್ಕ್ಯಾನ್ ಸೋಮವಾರ.